ಕೊಂಡದ್ದು, ಕೊಡಲಾಗದ್ದು

ಸಕಲೇಶಪುರದಿಂದ ಮಂಗಳೂರಿನ ದಾರಿ ಹಿಡಿದು ಕೆಲವೇ ಮೈಲಿ ಸಾಗಿದರೆ ದೋಣಿಗಲ್. ಒಂದು ಬದಿಗೆ ಮಂಜರಾಬಾದ್ ಕೋಟೆಯ ಗುಡ್ಡ, ಸುತ್ತಲೂ ಕಾಫಿ, ಮೆಣಸು, ಏಲಕ್ಕಿಯ ತೋಟಗಳು. ರೈಲುದಾರಿ ಇಲ್ಲಿಂದ ಮುಂದೆ ಸುರಂಗ, ಸೇತುವೆಗಳನ್ನು ಹಾಯ್ದು ಸುಬ್ರಹ್ಮಣ್ಯದ ಕಡೆಗೆ ಘಾಟಿ ಇಳಿಯುತ್ತದೆ. ಈ ಸೀಮೆಯಲ್ಲಿ ಪುಸ್ತಕ ಕೂಡಿಟ್ಟವರಿಗೆ ಆಷಾಢ ಶ್ರಾವಣಗಳೆಂದರೆ ಆತಂಕದ ಕಾಲ. ಗೋಡೆ ಬೆವರುತ್ತದೆ, ರಟ್ಟಿನ ಮೇಲೆ ಬೂಷ್ಟು ಹಿಡಿಯುತ್ತದೆ, ಹೊಲಿಗೆಯ ಸಂದಿನಲ್ಲಿ ಹುಳು ಸೇರುತ್ತದೆ, ಅಂಟು ಬಿಟ್ಟ ಪುಟಗಳು ಕೈಗೆ ಬರುತ್ತವೆ. ಒಲೆಯ ಮೇಲಣ ಅಟ್ಟದಲ್ಲಿ ಓಲೆಗರಿಗಳನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದ ಹಿರಿಯರ ರೂಢಿಗೆ ಕೇವಲ ಭಕ್ತಿ ಕಾರಣವಲ್ಲ. ಹೊಗೆ ತೇವವನ್ನೂ ಹುಳುವನ್ನೂ ದೂರವಿಡುತ್ತಿತ್ತು. ಗ್ಯಾಸಿನ ಒಲೆ ಬಂದ ಮೇಲೆ ಹೊಗೆ ಹೋಯಿತು, ಬೂಷ್ಟು ಉಳಿಯಿತು.

ಇಂಥ ಮನೆಯಲ್ಲಿ ಇ-ರೀಡರ್ ಕೊಳ್ಳುವ ಮಾತು ಹುಟ್ಟುವುದು ಸಹಜ. ವಯಸ್ಸಾದ ತಂದೆಗೆ ಸಣ್ಣಕ್ಷರ ಕಾಣದು. ಬೆಂಗಳೂರಿನಲ್ಲಿ ದುಡಿಯುವ ಮಗಳು ‘ಅಪ್ಪ, ಒಂದು ಕಿಂಡಲ್ ತಂದುಕೊಡಲೇ?’ ಎಂದು ಕೇಳುತ್ತಾಳೆ. ಮಲೆನಾಡಿನ ಅನೇಕ ಮನೆಗಳಲ್ಲಿ ನಡೆಯುತ್ತಿರಬಹುದಾದ ಈ ಸಂಭಾಷಣೆಯನ್ನು ಬೆಲೆ, ಗಾತ್ರ, ಬ್ಯಾಟರಿಗಳ ಚರ್ಚೆಯಾಗಿ ಮುಗಿಸಿಬಿಡುವುದು ಸುಲಭ. ಆದರೆ ಪುಸ್ತಕವನ್ನು ಕೊಳ್ಳುವುದೆಂದರೇನು ಎಂಬ ಪ್ರಶ್ನೆ ಅದರೊಳಗೇ ಅಡಗಿದೆ. ಒಂದು ಗ್ರಂಥದ ಗುಣದೋಷಗಳನ್ನು ವಿಮರ್ಶಿಸುವಂತೆಯೇ ಗ್ರಂಥವನ್ನು ಹೊತ್ತು ತರುವ ಈ ಸಾಧನವನ್ನೂ ವಿಮರ್ಶಿಸುವುದು ಇಂದು ಅವಶ್ಯವಾಗಿದೆ.

ಮೊದಲು ಅದರ ಗುಣವನ್ನು ಒಪ್ಪಿಕೊಳ್ಳುವುದೇ ನ್ಯಾಯ. ಇ-ರೀಡರಿನ ಪರದೆ ಫೋನಿನ ಪರದೆಯಂಥದಲ್ಲ. ಅಮೆರಿಕದ ಮೆಸಾಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಪ್ರಯೋಗಾಲಯದಲ್ಲಿ ನಡೆದ ಸಂಶೋಧನೆಯಿಂದ ಹುಟ್ಟಿ 1997ರಲ್ಲಿ ಸಂಸ್ಥೆಯ ರೂಪ ತಳೆದ ‘ಇ-ಇಂಕ್’ ಇದರ ಮೂಲ. ಕೂದಲೆಳೆಯಷ್ಟು ಸಣ್ಣ ಕೋಶಗಳಲ್ಲಿ ಕಪ್ಪು ಬಿಳುಪಿನ ಕಣಗಳಿದ್ದು, ವಿದ್ಯುತ್ತಿನ ಸೆಳೆತಕ್ಕೆ ಅವು ಮೇಲೆ ಕೆಳಗೆ ಸರಿದು ಅಕ್ಷರವಾಗುತ್ತವೆ. ಹಾಗೆ ಮೂಡಿದ ಪುಟ ನಿಲ್ಲಲು ವಿದ್ಯುತ್ ಬೇಡ, ಪುಟ ತಿರುಗುವಾಗ ಮಾತ್ರ ಬೇಕು. ಆದುದರಿಂದ ಒಮ್ಮೆ ಚಾರ್ಜು ಮಾಡಿದರೆ ವಾರಗಟ್ಟಲೆ ನಡೆಯುತ್ತದೆ. ಗಾಳಿಮಳೆಗೆ ಮರ ಬಿದ್ದು ತಂತಿ ಹರಿದು ಎರಡು ಮೂರು ದಿನ ಕತ್ತಲೆಯಲ್ಲಿ ಕಳೆಯುವ ಊರಿಗೆ ಇದು ಸಣ್ಣ ಉಪಕಾರವಲ್ಲ. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದೆಂಬುದು ಇನ್ನೂ ದೊಡ್ಡ ಉಪಕಾರ. ಮುದ್ರಿತ ಪುಸ್ತಕ ಮುದುಕರ ಕಣ್ಣಿಗೆ ಈ ಕರುಣೆ ತೋರಿದ್ದು ವಿರಳ. ಬೂಷ್ಟಿನ ಭಯವಂತೂ ಇಲ್ಲವೇ ಇಲ್ಲ. ‘ಕಾಗದದ ವಾಸನೆ’ಯ ವಿರಹವನ್ನು ತೋಡಿಕೊಂಡು ಈ ಯಂತ್ರವನ್ನು ತಿರಸ್ಕರಿಸುವವರು ಮಳೆಗಾಲದ ಮಲೆನಾಡಿನಲ್ಲಿ ಕಾಗದಕ್ಕೆ ಬರುವ ವಾಸನೆ ಎಂಥದೆಂದು ತಿಳಿಯದವರಾಗಿರಬೇಕು.

ಹೀಗಿದ್ದೂ ದೋಣಿಗಲ್ಲಿನ ತಂದೆ ಓದಬಯಸುವುದು ಏನನ್ನು? ಬಹುಮಟ್ಟಿಗೆ ಕನ್ನಡವನ್ನು. ತೊಡಕು ಮೊದಲಾಗುವುದು ಇಲ್ಲಿಯೇ.

ಅಮೆಝಾನ್ ಸಂಸ್ಥೆ ಅಮೆರಿಕದಲ್ಲಿ ಕಿಂಡಲ್ ಯಂತ್ರವನ್ನು ಮಾರಾಟಕ್ಕಿಟ್ಟದ್ದು 2007ರ ನವೆಂಬರಿನಲ್ಲಿ. ಅದೇ ಸಂಸ್ಥೆ ಭಾರತೀಯ ಭಾಷೆಗಳ ಇ-ಪುಸ್ತಕಗಳನ್ನು 2016ರ ಡಿಸೆಂಬರಿನಲ್ಲಿ ಆರಂಭಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಗಳನ್ನು ಆರಿಸಿಕೊಂಡಿತು. ಆ ಐದರಲ್ಲಿ ಕನ್ನಡವಿರಲಿಲ್ಲ. ತೆಲುಗು, ಬಂಗಾಳಿಗಳೂ ಇರಲಿಲ್ಲ. ಸಾವಿರದ ಇನ್ನೂರು ವರ್ಷಗಳಿಗೂ ಮೀರಿದ ಲಿಖಿತ ಸಾಹಿತ್ಯವುಳ್ಳ ಭಾಷೆಯೊಂದು ಪಟ್ಟಿಯಿಂದ ಹೊರಗುಳಿಯಲು ಸಾಹಿತ್ಯಿಕ ಕಾರಣವೇನೂ ಇರಲಾರದು. ಮಾರುಕಟ್ಟೆಯ ಲೆಕ್ಕಾಚಾರವೇ ಅದಕ್ಕೆ ಕಾರಣವೆಂದು ಊಹಿಸಬಹುದಷ್ಟೆ. ಅಂಗಡಿ ತನ್ನ ಕಪಾಟಿನಲ್ಲಿ ಏನನ್ನು ಇಡಬೇಕೆಂಬುದು ಅಂಗಡಿಯವನ ಇಚ್ಛೆ ಎಂದು ಇದನ್ನು ಸಮರ್ಥಿಸಲೂಬಹುದು. ಆದರೆ ಇಲ್ಲಿ ಅಂಗಡಿಯವನೇ ಕನ್ನಡಕವನ್ನೂ ಮಾರುತ್ತಾನೆ, ಆ ಕನ್ನಡಕಕ್ಕೆ ಕಾಣುವುದು ಮುಖ್ಯವಾಗಿ ಅವನ ಅಂಗಡಿಯ ಸರಕು. ಸಾಮಾನ್ಯ ಪುಸ್ತಕದಂಗಡಿಗೂ ಇದಕ್ಕೂ ಇರುವ ಅಂತರ ಅದು.

ಕನ್ನಡಿಗರು ಸುಮ್ಮನೆ ಕುಳಿತಿಲ್ಲ. ಮೈಲ್ಯಾಂಗ್, ಋತುಮಾನದಂಥ ಪ್ರಯತ್ನಗಳಿಂದ ಹೊಸ ಕನ್ನಡ ಪುಸ್ತಕಗಳು ಇ-ಪುಸ್ತಕಗಳಾಗಿ ಬರುತ್ತಿವೆ. ಅವುಗಳನ್ನು ಓದಬೇಕಾದದ್ದು ಆಯಾ ಸಂಸ್ಥೆಯ ಆ್ಯಪ್‌ನ ಮೂಲಕ, ಫೋನಿನಲ್ಲಿ. ಕಿಂಡಲ್ ಯಂತ್ರದಲ್ಲಿ ಆ ಆ್ಯಪ್ ಕೂರುವುದಿಲ್ಲ. ಹೀಗೆ ಕಣ್ಣಿಗೆ ಹಿತವಾದ ಯಂತ್ರ ಒಂದೆಡೆ, ಕನ್ನಡದ ಪುಸ್ತಕ ಮತ್ತೊಂದೆಡೆ. ನಡುವೆ ಇರುವ ಗೋಡೆ ತಾಂತ್ರಿಕವಾಗಿ ದಾಟಲಾಗದ ಗೋಡೆಯಲ್ಲ, ಯಾರೋ ಕಟ್ಟಿದ್ದು.

ಕಟ್ಟಿದವರಲ್ಲಿ ಪರರಷ್ಟೇ ಇಲ್ಲ. ಫಾರ್ಮ್ಯಾಟ್ ಅಥವಾ ಕಡತದ ನಮೂನೆಯ ಸೆರೆ ಕನ್ನಡಕ್ಕೆ ಹೊಸತೂ ಅಲ್ಲ. ಯೂನಿಕೋಡ್ ಎಂಬ ವಿಶ್ವಸಮ್ಮತ ಸಂಕೇತ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಸ್ಥಾನವಿತ್ತು. ಆದರೂ ಬಹುಕಾಲ ಕನ್ನಡದ ಅಚ್ಚುಮನೆಗಳು, ಪ್ರಕಾಶಕರು, ಕಚೇರಿಗಳು ಒಂದೊಂದು ತಂತ್ರಾಂಶದ ಒಂದೊಂದು ಅಕ್ಷರಶೈಲಿಯಲ್ಲಿ ಪುಟ ಕಟ್ಟಿದವು. ಆ ಕಡತಗಳಲ್ಲಿ ಇರುವುದು ನಿಜವಾಗಿ ಕನ್ನಡವಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ತೊಡಿಸಿದ ಕನ್ನಡದ ಚಿತ್ರ. ಆ ಶೈಲಿ ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಒಂದು ದಶಕದ ಹಿಂದೆ ಅಚ್ಚಾದ ಪುಸ್ತಕದ ಕಡತ ಪ್ರಕಾಶಕರ ಬಳಿಯೇ ಇದ್ದರೂ ಅದನ್ನು ಇ-ಪುಸ್ತಕ ಮಾಡಲು ಪರಿವರ್ತಿಸಬೇಕು, ಪರಿವರ್ತನೆಯಲ್ಲಿ ಕೆಟ್ಟ ಒತ್ತಕ್ಷರಗಳನ್ನು ಸಾಲು ಸಾಲಾಗಿ ತಿದ್ದಬೇಕು. ಓಲೆಯನ್ನು ಹುಳು ತಿನ್ನುತ್ತಿತ್ತು. ಈ ಅಕ್ಷರವನ್ನು ಅದರ ವೇಷವೇ ತಿಂದಿತು. ದೂರದ ಸಂಸ್ಥೆಯ ಬೀಗವನ್ನು ದೂರುವ ಮೊದಲು ಮನೆಯೊಳಗಿನ ಈ ಬೀಗವನ್ನೂ ನೋಡಬೇಕು.

ಇನ್ನು ಹಳೆಯ ಕನ್ನಡ ಗ್ರಂಥಗಳು. ಇಂಟರ್ನೆಟ್ ಆರ್ಕೈವ್‌ನಲ್ಲಿ ಸಾವಿರಾರು ಕನ್ನಡ ಪುಸ್ತಕಗಳು ಪುಟಪುಟದ ಛಾಯಾಪ್ರತಿಗಳಾಗಿ ದೊರೆಯುತ್ತವೆ. ಭಾರತದ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕನ ನಿಧನಾನಂತರ 60 ವರ್ಷಕ್ಕೆ ಕೃತಿ ಸಾರ್ವಜನಿಕವಾಗುತ್ತದೆ. ಉದಾಹರಣೆಗೆ, 1963ರಲ್ಲಿ ತೀರಿಕೊಂಡ ಮಂಜೇಶ್ವರದ ಗೋವಿಂದ ಪೈಗಳು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಬರಹಗಳು 2024ರ ಆರಂಭದಿಂದ ಮುಕ್ತವಾಗಿವೆ. ಇವುಗಳ ಛಾಯಾಪ್ರತಿ ಪಿಡಿಎಫ್ ನಮೂನೆಯಲ್ಲಿರುತ್ತದೆ. ಪಿಡಿಎಫ್ ಎಂದರೆ ಪುಟದ ಪಡಿಯಚ್ಚು, ಅದರ ಅಗಲ ಕುಗ್ಗದು, ಸಾಲು ಮುರಿದು ಮರಳಿ ಹರಿಯದು. ಆರಂಗುಲದ ಪರದೆಯಲ್ಲಿ ಡೆಮಿ ಅಳತೆಯ ಪುಟ ಇರುವೆ ಸಾಲಾಗುತ್ತದೆ. ಹಿಗ್ಗಿಸಿದರೆ ಸಾಲಿನ ಅರ್ಧ ಪರದೆಯ ಹೊರಗೆ ಹೋಗುತ್ತದೆ. ಯಾವ ಕಣ್ಣಿಗಾಗಿ ಯಂತ್ರವನ್ನು ಕೊಳ್ಳಲಾಯಿತೋ ಆ ಕಣ್ಣಿಗೆ ಇದು ಪ್ರಯೋಜನವಿಲ್ಲ. ಸಾಲು ಹರಿಯುವ ನಮೂನೆಯೆಂದರೆ ಇಪಬ್. 2007ರಲ್ಲಿ ರೂಪುಗೊಂಡ, ಯಾವೊಂದು ಅಂಗಡಿಗೂ ಸೇರದ ಮುಕ್ತ ನಮೂನೆ ಅದು. ಕನ್ನಡ ವಿಕಿಸೋರ್ಸ್‌ನಲ್ಲಿ ಸ್ವಯಂಸೇವಕರು ಬೆರಳಚ್ಚು ಮಾಡಿ ತಿದ್ದಿಟ್ಟ ಪಠ್ಯಗಳನ್ನು ಇಪಬ್ ಆಗಿ ಇಳಿಸಿಕೊಳ್ಳಬಹುದು. ಸಂಖ್ಯೆಯಲ್ಲಿ ಅಲ್ಪವಾದರೂ ದೋಣಿಗಲ್ಲಿನ ತಂದೆಗೆ ದೊಡ್ಡಕ್ಷರದಲ್ಲಿ ಒದಗುವ ಕನ್ನಡ ಸದ್ಯಕ್ಕೆ ಅದೇ. ಯೂನಿಕೋಡ್ ಕನ್ನಡವನ್ನು ಈಚಿನ ಯಂತ್ರಗಳು ತೋರಿಸಬಲ್ಲವಾದರೂ, ಕೊಳ್ಳುವ ಮುನ್ನ ‘ಸ್ವಾತಂತ್ರ್ಯ’ ಎಂಬ ಒಂದು ಪದವನ್ನು ಅದರಲ್ಲಿ ತೆರೆದು ನೋಡುವುದು ವಿಹಿತ. ತಕಾರದ ಕೆಳಗೆ ಎರಡು ಒತ್ತುಗಳು ತಮ್ಮ ಸ್ಥಾನದಲ್ಲಿ ನಿಂತರೆ ಯಂತ್ರಕ್ಕೆ ಕನ್ನಡ ಬರುತ್ತದೆಂದು ತಿಳಿಯಬಹುದು.

ಇಷ್ಟೂ ಅನುಕೂಲ ಅನನುಕೂಲಗಳ ಮಾತು. ಇವು ಇಂದಲ್ಲ ನಾಳೆ ಸರಿಹೋಗಬಹುದಾದವು. ಕಾಲ ಕಳೆದರೂ ಸರಿಹೋಗದ, ಮಾರಾಟದ ಸ್ವರೂಪದಲ್ಲಿಯೇ ಇರುವ ದೋಷ ಬೇರೊಂದಿದೆ.

ಅಂಗಡಿಯ ಪುಟದಲ್ಲಿ ‘ಕೊಳ್ಳಿ’ ಎಂದು ಬರೆದಿರುತ್ತದೆ. ಹಣ ಸಂದಾಯವಾಗುತ್ತದೆ. ಕರಾರಿನ ಸಣ್ಣಕ್ಷರದಲ್ಲಿರುವುದು ಮಾತ್ರ ಬೇರೆ: ಗ್ರಾಹಕನಿಗೆ ದೊರೆತದ್ದು ಪುಸ್ತಕವಲ್ಲ, ಓದುವ ಪರವಾನಗಿ, ಅದನ್ನು ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ, ಪರರಿಗೆ ವಹಿಸುವಂತಿಲ್ಲ. ಈ ಷರತ್ತನ್ನು ಕಾಯುವುದಕ್ಕೆ ಕಡತಕ್ಕೆ ಒಂದು ಡಿಜಿಟಲ್ ಬೀಗ. ಆ ಬೀಗದ ಕೈ ಓದುಗನ ಹತ್ತಿರವಿರುವುದಿಲ್ಲ, ಅಂಗಡಿಯ ಹತ್ತಿರ ಇರುತ್ತದೆ. ಜಪಾನಿನಲ್ಲಿ 2004ರಲ್ಲಿ ಸೋನಿ ಸಂಸ್ಥೆ ಹೊರತಂದ ಮೊದಲ ಇ-ಇಂಕ್ ಓದುಯಂತ್ರದಲ್ಲಿ ಪುಸ್ತಕ 60 ದಿನಕ್ಕೆ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಅದು ಕಠೋರವಾದರೂ ಪ್ರಾಮಾಣಿಕ. ಬಾಡಿಗೆಯನ್ನು ಬಾಡಿಗೆ ಎಂದೇ ಕರೆದಿತ್ತು. 2009ರ ಜುಲೈಯಲ್ಲಿ ನಡೆದದ್ದು ಅದಕ್ಕಿಂತ ಗಂಭೀರ. ಹಕ್ಕಿಲ್ಲದ ಮಾರಾಟಗಾರನೊಬ್ಬ ಜಾರ್ಜ್ ಆರ್ವೆಲ್‌ನ ಎರಡು ಕಾದಂಬರಿಗಳನ್ನು ಕಿಂಡಲ್ ಅಂಗಡಿಯಲ್ಲಿ ಮಾರಿದ್ದನೆಂದು ತಿಳಿದಾಗ, ಅಮೆಝಾನ್ ಹಣ ಹಿಂತಿರುಗಿಸಿ, ಓದುಗರ ಯಂತ್ರಗಳೊಳಗಿಂದಲೇ ಆ ಪ್ರತಿಗಳನ್ನು ದೂರದಿಂದ ಅಳಿಸಿಹಾಕಿತು. ಅವುಗಳಲ್ಲಿ ಒಂದು ಹಳೆಯ ದಾಖಲೆಗಳನ್ನು ಸರ್ಕಾರವೇ ಅಳಿಸಿ ತಿದ್ದುವ ರಾಜ್ಯವೊಂದರ ಕಥೆ ಎಂಬುದು ಕಾಕತಾಳೀಯ. ಪಾಠಕ್ಕಾಗಿ ಓದುತ್ತಿದ್ದ ವಿದ್ಯಾರ್ಥಿಯೊಬ್ಬ ಬರೆದಿಟ್ಟುಕೊಂಡ ಟಿಪ್ಪಣಿಗಳು ಆಧಾರವಿಲ್ಲದೆ ನಿಂತವು. ಮೊಕದ್ದಮೆಯಾಯಿತು, ರಾಜಿಯಾಯಿತು, ಸಂಸ್ಥೆಯ ಮುಖ್ಯಸ್ಥ ಜೆಫ್ ಬೆಝೋಸ್ ಬಹಿರಂಗವಾಗಿ ಕ್ಷಮೆ ಕೇಳಿದರು. ಆ ಕ್ಷಮಾಪಣೆ ಪ್ರಾಮಾಣಿಕವೆಂದೇ ತಿಳಿಯಬೇಕು. ಅಳಿಸುವ ಕೈ ಮಾತ್ರ ಇದ್ದಲ್ಲಿಯೇ ಇದೆ.

ಕೆಟ್ಟ ಉದ್ದೇಶವಿಲ್ಲದೆಯೂ ಗ್ರಂಥಾಲಯ ಮುಳುಗಬಹುದು. ಮೈಕ್ರೋಸಾಫ್ಟ್ ಸಂಸ್ಥೆ 2019ರ ಏಪ್ರಿಲಿನಲ್ಲಿ ತನ್ನ ಇ-ಪುಸ್ತಕದ ಅಂಗಡಿಯನ್ನು ಮುಚ್ಚಿತು. ಜುಲೈ ವೇಳೆಗೆ ಅಲ್ಲಿ ಕೊಂಡ ಪುಸ್ತಕಗಳೆಲ್ಲವೂ ತೆರೆಯದಾದವು. ಹಣವನ್ನೇನೋ ಪೂರ್ತಿಯಾಗಿ ಹಿಂದಿರುಗಿಸಿದರು. ಪುಸ್ತಕದಂಗಡಿ ಬಾಗಿಲು ಹಾಕಿದರೆ ಕೊಂಡವರ ಮನೆಯ ಪುಸ್ತಕಗಳೂ ಮಾಯವಾಗುವ ಸಂಗತಿ ಅಚ್ಚಿನ ಯುಗಕ್ಕೆ ಅಪರಿಚಿತ. 2025ರ ಫೆಬ್ರವರಿ 26ರಂದು ಅಮೆಝಾನ್, ಕೊಂಡ ಪುಸ್ತಕದ ಕಡತವನ್ನು ಗಣಕಕ್ಕೆ ಇಳಿಸಿ ತಂತಿಯ ಮೂಲಕ ಯಂತ್ರಕ್ಕೆ ದಾಟಿಸುವ ಸೌಲಭ್ಯವನ್ನೂ ನಿಲ್ಲಿಸಿತು. ಬೀಗ ಹಾಕಿದ್ದಾದರೂ ಒಂದು ಪ್ರತಿ ಮನೆಯಲ್ಲಿ ಇರಲಿ ಎಂದವರಿಗೆ ಉಳಿದಿದ್ದ ಕಿಂಡಿ ಅದು. ಅದೇ ವರ್ಷದ ಜನವರಿಯಿಂದ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಗ್ರಾಹಕನಿಗೆ ಸಿಗುವುದು ಕೇವಲ ಪರವಾನಗಿಯೆಂದು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಎಂಬ ಪದ ಬಳಸುವಂತಿಲ್ಲವೆಂಬ ಕಾಯಿದೆ ಜಾರಿಗೆ ಬಂದಿತು. ಪದದ ಅರ್ಥವನ್ನು ಕಾಪಾಡಲು ಶಾಸನಸಭೆ ಮುಂದಾಗಬೇಕಾಯಿತೆಂದರೆ ಪದ ಎಷ್ಟು ಸವೆದಿತ್ತೆಂಬುದು ವೇದ್ಯ.

ಅಚೌರ್ಯವ್ರತವನ್ನು ವಿವರಿಸುವಾಗ ಆಚಾರ್ಯರು ಅದರ ಅತಿಚಾರಗಳನ್ನೂ ಹೇಳಿದ್ದಾರೆ. ಅವುಗಳಲ್ಲಿ ಹೀನಾಧಿಕಮಾನೋನ್ಮಾನ ಒಂದು. ಕೊಡುವಾಗ ಚಿಕ್ಕ ಸೇರು, ಕೊಳ್ಳುವಾಗ ದೊಡ್ಡ ಸೇರು. ವ್ಯಾಪಾರವನ್ನೇ ಬಹುಕಾಲದಿಂದ ವೃತ್ತಿಯಾಗಿಸಿಕೊಂಡು ಬಂದ ಸಮಾಜಕ್ಕೆ ಈ ಅತಿಚಾರದ ಮರ್ಮ ಚೆನ್ನಾಗಿ ಗೊತ್ತು. ಪುಸ್ತಕದ ಬೆಲೆ ಪಡೆದು ಪರವಾನಗಿಯನ್ನು ಅಳೆದುಕೊಡುವುದು ಇದಕ್ಕಿಂತ ಬಹಳ ದೂರವೇನಲ್ಲ. ಅಳತೆ ಸುಳ್ಳಲ್ಲ, ಕರಾರಿನಲ್ಲಿ ಬರೆದಿದೆ ಎಂದು ವಾದಿಸಬಹುದು. ಸೇರಿನ ತಳದಲ್ಲಿ ಅದರ ನಿಜವಾದ ಅಳತೆಯನ್ನು ಕೊರೆದಿಟ್ಟು, ಮೇಲಿನಿಂದ ಸುರಿದುಕೊಡುವ ವ್ಯಾಪಾರಿಯೂ ಅದನ್ನೇ ಹೇಳಿಯಾನು.

ಪುಸ್ತಕವನ್ನು ಕೊಂಡವನು ಅದರಿಂದ ಮಾಡುವ ಕೆಲಸಗಳಲ್ಲಿ ಓದುವುದು ಒಂದು ಮಾತ್ರ. ಕೊಡುವುದು ಇನ್ನೊಂದು. ಆಹಾರ, ಔಷಧ, ಅಭಯಗಳೊಡನೆ ಶಾಸ್ತ್ರವನ್ನೂ ದಾನದ ವಸ್ತುಗಳಲ್ಲಿ ಎಣಿಸಿದ ಪರಂಪರೆಗೆ ಕೊಡಲಾಗದ ಗ್ರಂಥವೆಂಬುದೇ ವಿರೋಧಾಭಾಸ. ಹತ್ತನೆಯ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1,000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡಿಗರೆಲ್ಲರಿಗೂ ತಿಳಿದ ಸಂಗತಿ. ಆ ಪ್ರತಿಗಳಲ್ಲಿ ಒಂದನ್ನು ಪಡೆದವನು ಅದನ್ನು ಮಗನಿಗೆ ಬಿಟ್ಟುಹೋಗಲು, ನೆರೆಯವನಿಗೆ ಎರವಲು ಕೊಡಲು, ಇನ್ನೊಂದು ಓಲೆಗೆ ಇಳಿಸಲು ಯಾರ ಅಪ್ಪಣೆಯನ್ನೂ ಕಾಯಬೇಕಾಗಿರಲಿಲ್ಲ. ಕೃತಿ ಉಳಿಯುವ ದಾರಿಯೂ ಅದೇ ಆಗಿತ್ತು. ಸಾವಿರ ಕಡೆ ಇದ್ದದ್ದನ್ನು ಒಂದು ಬೆಂಕಿ, ಒಂದು ದಾಳಿ, ಒಂದು ಮಳೆಗಾಲ ಅಳಿಸಲಾರದು. ಪ್ರಾಸಂಗಿಕವಾಗಿ ಹೇಳುವುದಾದರೆ, ಮುದ್ರಣಯಂತ್ರ ಬಂದು ಇಷ್ಟು ಕಾಲವಾದರೂ ಕನ್ನಡದ ಬಹುಪಾಲು ಪುಸ್ತಕಗಳ ಮುದ್ರಣ ಇಂದಿಗೂ ಸಾವಿರ ಪ್ರತಿಯ ಆಸುಪಾಸಿನಲ್ಲೇ ಇದೆ. ಲೇಖನಿಯಲ್ಲಿ ಸಾಧಿಸಿದ್ದನ್ನು ಯಂತ್ರ ಮೀರಿಲ್ಲವೆನ್ನುವುದು ಸಂತೋಷದ ಮಾತಲ್ಲ.

ಆದರೆ ಗತಕಾಲವನ್ನು ಹೀಗೆ ಹೊನ್ನಿನ ಚೌಕಟ್ಟಿನಲ್ಲಿಡುವಾಗ ಅದರ ಇನ್ನೊಂದು ಮುಖವನ್ನು ಮರೆಮಾಚಬಾರದು. ದೋಣಿಗಲ್ಲಿನಿಂದ ಶಿರಾಡಿ ಘಾಟಿ ಇಳಿದು ಕರಾವಳಿಗೆ ಹೋದರೆ ಮೂಡಬಿದಿರೆ. ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಷಟ್‌ಖಂಡಾಗಮದ ಧವಲಾದಿ ಟೀಕೆಗಳ ತಾಡವೋಲೆಗಳು, ಹಳೆಯ ಕನ್ನಡ ಲಿಪಿಯಲ್ಲಿ, ಶತಮಾನಗಳ ಕಾಲ ರಕ್ಷಿತವಾಗಿದ್ದವು. ಯಾತ್ರಿಕರಿಗೆ ದೊರೆಯುತ್ತಿದ್ದುದು ದರ್ಶನ, ವಾಚನವಲ್ಲ. ಗ್ರಂಥವಿತ್ತು, ಅದರ ಬೀಗದ ಕೈ ಓದುಗನಲ್ಲಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ಓಲೆಗಳು ಶಿಥಿಲವಾಗುತ್ತಿರುವುದನ್ನು ಕಂಡು, ಅಲ್ಲಿಯೇ ಇರಿಸಲೆಂದು ಪ್ರತಿಮಾಡುವ ಕಾರ್ಯ ಆರಂಭವಾಯಿತು. ಆ ಕಾರ್ಯದಲ್ಲಿ ತೊಡಗಿದ್ದ ಗಜಪತಿ ಉಪಾಧ್ಯಾಯರು ಗುಟ್ಟಾಗಿ ಮತ್ತೊಂದು ಪ್ರತಿಯನ್ನು ಸಿದ್ಧಪಡಿಸಿದರು. ಅದು ಉತ್ತರದ ಸಹಾರನಪುರವನ್ನು ಸೇರಿತು. ಅಲ್ಲಿ ಕನ್ನಡ ಲಿಪಿಯಿಂದ ನಾಗರಿಗೆ ಇಳಿದು, ಪ್ರತಿಯಿಂದ ಪ್ರತಿಯಾಗಿ ಹಬ್ಬಿತು. ಪ್ರೊ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ ಅಮರಾವತಿಯಿಂದ 1939ರಲ್ಲಿ ಅಚ್ಚಾಗಿ ಹೊರಬಂದಾಗ, ಒಂದು ಊರಿನ ಒಂದು ಬಸದಿಯ ಸೊತ್ತಾಗಿದ್ದ ಗ್ರಂಥ ಲೋಕದ ಗ್ರಂಥವಾಯಿತು.

ಉಪಾಧ್ಯಾಯರು ಮಾಡಿದ್ದು ಕಳವೋ ದಾನವೋ? ಎರಡು ಪಕ್ಷಗಳಿಗೂ ಸಮಾನ ಬಲವಿದೆ ಎಂದು ತಪ್ಪಿಸಿಕೊಳ್ಳುವುದು ಇಲ್ಲಿ ಸಲ್ಲದು. ಅವರನ್ನು ನಂಬಿ ಓಲೆ ಬಿಚ್ಚಿ ಮುಂದಿಟ್ಟವರ ವಿಶ್ವಾಸ ಭಂಗವಾಯಿತು, ಅದು ನಿಜ. ಬೀಗ ಹಾಕಿ ಕಾದವರು ಇರದಿದ್ದರೆ ಪ್ರತಿಮಾಡಲು ಓಲೆಯೇ ಉಳಿಯುತ್ತಿರಲಿಲ್ಲ, ಅದೂ ನಿಜ. ಆದರೆ ಆ ಪ್ರತಿಯಿಂದ ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ. ಓಲೆ ಇದ್ದಲ್ಲಿಯೇ ಉಳಿಯಿತು, ಆಚಾರ್ಯ ವೀರಸೇನರ ಜೀವನೋಪಾಯಕ್ಕೆ ಕುಂದು ಬರುವಂತಿರಲಿಲ್ಲ. ಗುಟ್ಟು ಅತಿಚಾರವೆಂದು ಒಪ್ಪಿಕೊಂಡರೂ ಫಲ ಶಾಸ್ತ್ರದಾನವೇ ಆಯಿತು. ಕಾಯುವವರ ಕರ್ತವ್ಯ ಓಲೆಗೆ ಸಲ್ಲಬೇಕಾದದ್ದು, ಅರ್ಥಕ್ಕಲ್ಲ.

ಈ ಉದಾಹರಣೆಯನ್ನು ಹಿಡಿದು ಇಂದಿನ ಇ-ಪುಸ್ತಕದ ಬೀಗ ಒಡೆಯುವುದು ಪುಣ್ಯಕಾರ್ಯವೆಂದು ಹೇಳಹೊರಟರೆ ಅದು ಅವಿವೇಕ. ಪೊನ್ನನಿಗೆ ಆಶ್ರಯದಾತರಿದ್ದರು. ಇಂದಿನ ಕನ್ನಡ ಲೇಖಕನಿಗೆ ಇರುವುದು ಮಾರಾಟವಾದ ಪ್ರತಿಯ ಮೇಲಿನ ಗೌರವಧನ, ಅದೂ ಬಂದಾಗ ಬಂದಷ್ಟು. ಹೊಸ ಕಾದಂಬರಿಯ ಪಿಡಿಎಫ್ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಜ್ಞಾನ ಹಂಚಿಕೆ’ಯ ಹೆಸರಿನಲ್ಲಿ ಹರಿದಾಡುವುದು ಸಾಮಾನ್ಯವಾಗಿದೆ. ಕದ್ದುತಂದದ್ದನ್ನು ಸ್ವೀಕರಿಸುವುದನ್ನೂ ಆಚಾರ್ಯರು ಅತಿಚಾರವೆಂದೇ ಎಣಿಸಿ, ಅದಕ್ಕೆ ತದಾಹೃತಾದಾನವೆಂದು ಹೆಸರಿಟ್ಟಿದ್ದಾರೆ. ತಾನು ಕದಿಯಲಿಲ್ಲ, ಯಾರೋ ಕಳಿಸಿದರು ಎಂಬ ಸಮಾಧಾನ ಆ ಹೆಸರಿನ ಮುಂದೆ ನಿಲ್ಲದು. ದಾನವೆಂದರೆ ತನ್ನದನ್ನು ಕೊಡುವುದು. ಲೇಖಕನ ಅನ್ನವನ್ನು ಲೇಖಕನ ಒಪ್ಪಿಗೆಯಿಲ್ಲದೆ ಬಡಿಸುವವನು ದಾನಿಯಲ್ಲ.

ಇವೆರಡರ ನಡುವೆ ಒಂದು ಸಣ್ಣ ಜಾಗವಿದೆ. ತಾನೇ ಬೆಲೆತೆತ್ತು ಕೊಂಡ ಪುಸ್ತಕದ ಬೀಗವನ್ನು ತಾನೇ ತೆಗೆದು, ತನ್ನ ಮನೆಯ ಬೇರೊಂದು ಯಂತ್ರದಲ್ಲಿ ಓದುವವನ ವಿಚಾರವೇನು? ಭಾರತದ ಕೃತಿಸ್ವಾಮ್ಯ ಕಾಯಿದೆಗೆ 2012ರ ತಿದ್ದುಪಡಿಯಿಂದ ಸೇರಿದ 65ಎ ಕಲಮು, ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿಯುವುದಕ್ಕೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡವನ್ನು ವಿಧಿಸುತ್ತದೆ. ಕಾಯಿದೆಯೇ ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕಾಗಿ ಮಾಡಿದರೆ ಅದು ತಡೆಯೊಡ್ಡದು ಎಂದೂ ಹೇಳುತ್ತದೆ. ಅಮೆರಿಕದ 1998ರ ಕಾಯಿದೆ ಬೀಗ ಮುರಿಯುವುದನ್ನೇ ತಪ್ಪೆಂದು ಬಗೆದು, ವಿನಾಯಿತಿಗಳನ್ನು ಮೂರು ವರ್ಷಕ್ಕೊಮ್ಮೆ ಅಳೆದು ಕೊಡುತ್ತದೆ. ಭಾರತದ ಕಾಯಿದೆ ಉದ್ದೇಶವನ್ನು ಕೇಳುತ್ತದೆ. ಕ್ರಿಯೆಗಿಂತ ಭಾವಕ್ಕೆ ತೂಕ ಕೊಡುವ ನೀತಿಶಾಸ್ತ್ರಕ್ಕೆ ಇದು ಹತ್ತಿರ. ಹಾಗೆಯೇ, ಅಂಗವಿಕಲರಿಗಾಗಿ ಕೃತಿಯನ್ನು ಅವರು ಓದಬಲ್ಲ ರೂಪಕ್ಕೆ ಪರಿವರ್ತಿಸುವುದಕ್ಕೆ ಅದೇ ತಿದ್ದುಪಡಿ ಅವಕಾಶವಿತ್ತಿತು. ದೃಷ್ಟಿದೋಷವುಳ್ಳವರಿಗೆ ಪುಸ್ತಕ ದೊರಕಿಸುವ ಮಾರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಸ್ಥಿರೀಕರಿಸಿದ್ದೂ ಭಾರತವೇ. ಕಣ್ಣು ಮಂಜಾದ ತಂದೆಗಾಗಿ ಮಗಳು ತಾನು ಕೊಂಡ ಪುಸ್ತಕವನ್ನು ದೊಡ್ಡಕ್ಷರಕ್ಕೆ ತಿರುಗಿಸಿದರೆ ಅದನ್ನು ಚೌರ್ಯವೆನ್ನಲು ಬಾಯಿ ಬಾರದು. ಅಂಗಡಿಯೊಂದಿಗೆ ಮಾಡಿಕೊಂಡ ಕರಾರಿಗೆ ಮಾತ್ರ ಅದು ಹೊರತಾಗಬಹುದು. ಕೊಟ್ಟ ಮಾತಿಗೆ ತಪ್ಪಬಾರದೆನ್ನುವವರು ಅಂಥ ಕರಾರಿಗೆ ಮೊದಲೇ ಒಪ್ಪದಿರುವುದು ಹೆಚ್ಚು ಶುದ್ಧವಾದ ಮಾರ್ಗ.

ಪರಿಗ್ರಹದ ದೃಷ್ಟಿಯಿಂದ ಕೆಲವರು ಇಡೀ ವಾದವನ್ನೇ ತಲೆಕೆಳಗು ಮಾಡುವುದುಂಟು. ಸ್ವಾಮ್ಯವಿಲ್ಲದ ಪುಸ್ತಕ ಮೋಹವಿಲ್ಲದ ಪುಸ್ತಕವಲ್ಲವೇ, ಕಪಾಟು ತುಂಬಿಸುವ ಆಸೆ ಕಡಮೆಯಾದರೆ ಒಳ್ಳೆಯದಲ್ಲವೇ ಎಂಬುದು ಅವರ ಪ್ರಶ್ನೆ. ಕೇಳಲು ಸೊಗಸಾಗಿದೆ. ಆದರೆ ಒಂದು ಗುಂಡಿ ಒತ್ತಿದರೆ ಪುಸ್ತಕ ಬರುವ ಯಂತ್ರ ಆಸೆಯನ್ನು ತಗ್ಗಿಸಿದ್ದು ಎಲ್ಲಿಯೂ ಕಂಡಿಲ್ಲ. ಓದದೆ ಬಿದ್ದಿರುವ ಪುಸ್ತಕಗಳ ರಾಶಿ ಅದರಲ್ಲಿ ಕಣ್ಣಿಗೆ ಕಾಣದಂತೆ ಬೆಳೆಯುತ್ತದೆ, ಅಷ್ಟೆ. ತನ್ನ ಬಳಿ ಇರುವುದನ್ನು ಬಿಡುವುದು ತ್ಯಾಗ. ಬಿಡುವ ಅಧಿಕಾರವೇ ಇಲ್ಲದವನು ಯಾವುದನ್ನು ತ್ಯಜಿಸಿಯಾನು?

ಹಾಗಾದರೆ ದೋಣಿಗಲ್ಲಿನ ಮನೆ ಏನು ಮಾಡಬೇಕು? ಯಂತ್ರವನ್ನು ಕಪಾಟೆಂದು ಕೊಳ್ಳದೆ ದೀಪವೆಂದು ಕೊಳ್ಳುವುದಾದರೆ ಕೊಳ್ಳಬಹುದು. ದೀಪದ ಕೆಲಸ ಓದಿಸುವುದು, ಕೂಡಿಡುವುದಲ್ಲ. ಯಾವ ಸಂಸ್ಥೆಯದೆಂಬುದಕ್ಕಿಂತ, ಬೀಗವಿಲ್ಲದ ಇಪಬ್ ಕಡತವನ್ನು ತಂತಿಯ ಮೂಲಕ ನೇರವಾಗಿ ಒಳಗಿಡಲು ಬರುತ್ತದೆಯೇ ಎಂಬುದನ್ನು ಮೊದಲು ವಿಚಾರಿಸಬೇಕು. ಕೋಬೊದಂಥ ಯಂತ್ರಗಳಲ್ಲಿ ಇದು ಸುಲಭ. ಕಿಂಡಲ್‌ನಲ್ಲಿ 2022ರಿಂದ ಇಪಬ್ ಕ್ರಮಿಸುವುದು ಸಂಸ್ಥೆಗೆ ಕಳಿಸಿ ಪರಿವರ್ತಿಸಿಕೊಳ್ಳುವ ಸುತ್ತುದಾರಿಯಲ್ಲಿ. ಭಾರತೀಯ ಮೂಲದ ಕೋವಿದ್ ಗೋಯಲ್ 2006ರಲ್ಲಿ ಆರಂಭಿಸಿದ ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶ ನಮೂನೆಯಿಂದ ನಮೂನೆಗೆ ಬದಲಿಸಲೂ, ಒಂದು ಪ್ರತಿಯನ್ನು ಮನೆಯ ಗಣಕದಲ್ಲಿ ಕ್ರಮವಾಗಿ ಇರಿಸಲೂ ಒದಗುತ್ತದೆ. ಕೃತಿಸ್ವಾಮ್ಯ ಮುಗಿದ ಗ್ರಂಥಗಳನ್ನು ಹೀಗೆ ತುಂಬಿಕೊಂಡರೆ ತಂದೆಯ ಮಳೆಗಾಲ ಒಂದಕ್ಕೆ ಸಾಕು.

ಜೀವಿಸಿರುವ ಲೇಖಕರ ಕನ್ನಡ ಪುಸ್ತಕವನ್ನು ಮಾತ್ರ ಅಚ್ಚಿನಲ್ಲಿಯೇ ಕೊಳ್ಳುವುದು ಲೇಸು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಅಚ್ಚಿನ ರೂಪವುಳ್ಳ ಇ-ಪುಸ್ತಕಕ್ಕೆ 2018ರಲ್ಲಿ ತೆರಿಗೆಯನ್ನು ಶೇಕಡಾ 5ಕ್ಕೆ ಇಳಿಸಿದರೂ ಅದನ್ನು ಎಣಿಸಿದ್ದು ಸೇವೆಗಳ ಪಟ್ಟಿಯಲ್ಲಿ. ಲೆಕ್ಕಿಗರ ಕಣ್ಣಿಗೂ ಅದು ವಸ್ತುವಾಗಿ ಕಾಣಲಿಲ್ಲ. ಇ-ಪುಸ್ತಕವಾಗಿ ಕೊಂಡು ಓದಿ ಮೆಚ್ಚಿದ್ದನ್ನು ಮತ್ತೆ ಅಚ್ಚಿನಲ್ಲಿ ಕೊಳ್ಳುವವರೂ ಇದ್ದಾರೆ. ಎರಡು ಬಾರಿ ಬೆಲೆ ತೆರುವ ಆ ಔದಾರ್ಯವನ್ನು ಎಲ್ಲರಿಂದಲೂ ನಿರೀಕ್ಷಿಸಲಾಗದು. ಪ್ರಕಾಶಕರು ಬೀಗವಿಲ್ಲದೆ, ಕೊಂಡವರ ಹೆಸರನ್ನು ಒಳಪುಟದಲ್ಲಿ ಮುದ್ರಿಸಿ, ಇಪಬ್ ಕಡತವನ್ನೇ ಮಾರುವ ಧೈರ್ಯ ತೋರಿದರೆ ಈ ಇಕ್ಕಟ್ಟು ಬಹುಪಾಲು ಕರಗುತ್ತದೆ. ಹೊರನಾಡುಗಳಲ್ಲಿ ಕೆಲವು ಪ್ರಕಾಶನಗಳು ಹಾಗೆ ಮಾರುತ್ತಿವೆ. ತಮ್ಮ ಓದುಗರನ್ನು ಕಳ್ಳರೆಂದು ಮೊದಲೇ ಭಾವಿಸಿ ವ್ಯಾಪಾರಕ್ಕಿಳಿಯುವವರಿಗೆ ಈ ಮಾತು ರುಚಿಸಲಾರದು.

ಬೆಂಗಳೂರಿನ ಮಗಳು ಯಂತ್ರವನ್ನು ಕಳಿಸುವ ಮುನ್ನ ತಂದೆಯನ್ನು ಇನ್ನೊಂದು ಪ್ರಶ್ನೆ ಕೇಳಬೇಕಾಗಿದೆ: ಮನೆಯಲ್ಲಿ ಈಗಿರುವ ಪುಸ್ತಕಗಳಲ್ಲಿ ಅವರಿಗೆ ಯಾರು ಕೊಟ್ಟವು ಎಷ್ಟು, ಅವರು ಯಾರಿಗೆ ಕೊಟ್ಟು ಮರಳಿ ಬಾರದವು ಎಷ್ಟು? ಮುಂದಿನ ಪುಸ್ತಕಗಳಲ್ಲಿ ಯಾವುವನ್ನು ಯಂತ್ರದಲ್ಲಿ ಓದಬೇಕು, ಯಾವುವನ್ನು ಬೂಷ್ಟಿನ ನಡುವೆಯೂ ಕಾಗದದಲ್ಲಿಯೇ ಇಟ್ಟುಕೊಳ್ಳಬೇಕು ಎಂಬುದನ್ನು ಆ ಲೆಕ್ಕ ನೋಡಿ ಇಬ್ಬರೂ ಕುಳಿತು ಗೊತ್ತುಮಾಡಿಕೊಳ್ಳಬಹುದು. ಮಳೆ ಹಿಡಿಯುವ ಮೊದಲು ಪುಸ್ತಕಗಳನ್ನು ಬಿಸಿಲಿಗೆ ಹಾಕಿ, ಬೇವಿನ ಸೊಪ್ಪಿನ ಜತೆ ಕಟ್ಟಿಡುವ ಕೆಲಸವಂತೂ ಹೇಗೂ ಇದ್ದೇ ಇದೆ.